ಎತ್ತಿದ ಕೈ

2021ರ ಆಗಸ್ಟ್ 24ರ ರಾತ್ರಿ ಹತ್ತೂವರೆಗೆ ತಮ್ಮನ ಫೋನು ಬಂತು. ಹಿಂದಿನ ದಿನವಷ್ಟೇ ನಮ್ಮ ಹೈಸ್ಕೂಲು ಮತ್ತೆ ಬಾಗಿಲು ತೆರೆದಿತ್ತು. ಆ ಕೋವಿಡ್ ವರ್ಷದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಎದೆ ಧಸಕ್ಕೆನ್ನುತ್ತಿತ್ತು. "ಯಾರಿಗೇನಾಯ್ತೋ?" ಅಂದೆ. "ಚಾರ್ಲಿ ಹೋದ ಅಕ್ಕಾ" ಅಂದ. ಬ್ಯಾಂಕಿನ ಮ್ಯಾನೇಜರು, ತಲೆ ನರೆತ ಗಂಡಸು, ಅಪ್ಪ ತೀರಿಕೊಂಡಾಗಲೂ ಎಲ್ಲರೆದುರು ಅಳದವನು, ಅವತ್ತು ಮಾತು ಮುಂದುವರಿಸಲಾರದೆ ಫೋನಿಟ್ಟ.

ಚಾರ್ಲಿ ಎಂದರೆ ಚಾರ್ಲಿ ವಾಟ್ಸ್. ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲೆಂಡಿನ ರಾಕ್ ತಂಡಕ್ಕೆ 1963ರ ಜನವರಿಯಿಂದ ಡ್ರಮ್ ಬಾರಿಸಿದವನು. 80ನೇ ವಯಸ್ಸಿನಲ್ಲಿ, ಹುಟ್ಟಿದ ಲಂಡನ್ನಿನಲ್ಲೇ ತೀರಿಕೊಂಡ. ಅಪ್ಪ ರೈಲ್ವೆ ಕಂಪನಿಯ ಲಾರಿ ಚಾಲಕ. ಯುದ್ಧದಲ್ಲಿ ಬಾಂಬು ಬಿದ್ದು ಮನೆಗಳು ಹೋದವರಿಗಾಗಿ ಸರ್ಕಾರ ಅವಸರದಲ್ಲಿ ಕಟ್ಟಿಸಿದ ಸಿದ್ಧಮನೆಗಳಲ್ಲೊಂದರಲ್ಲಿ ಹುಡುಗ ಬೆಳೆದ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಒಂದು ಬ್ಯಾಂಜೋ ಕೊಂಡುಕೊಂಡ. ಅದರ ತಂತಿಗಳು ಕೈಗೆ ಒಗ್ಗಲಿಲ್ಲ. ಕೊರಳನ್ನು ಕಿತ್ತುಹಾಕಿ, ಚರ್ಮ ಬಿಗಿದ ಬುರುಡೆಯನ್ನು ಸ್ಟ್ಯಾಂಡಿನ ಮೇಲಿಟ್ಟು ತಂತಿಯ ಕುಂಚಗಳಿಂದ ಬಾರಿಸತೊಡಗಿದ. ದುಡ್ಡು ಕೊಟ್ಟು ತಂದ ವಾದ್ಯವನ್ನು ಹೀಗೆ ಮುರಿದಿದ್ದರೆ ನಮ್ಮ ಮನೆಯಲ್ಲಿ ಬಾಸುಂಡೆ ಖಂಡಿತ. ಆ ತಂದೆತಾಯಿ 1955ರ ಕ್ರಿಸ್‌ಮಸ್‌ಗೆ ಮಗನಿಗೆ ಒಂದು ಡ್ರಮ್ ಸೆಟ್ಟನ್ನೇ ತಂದುಕೊಟ್ಟರು.

ಈ ಸಂಗತಿಯನ್ನು ಓದಿದಾಗ ನಾನು ಪುಸ್ತಕ ಮಡಚಿಟ್ಟೆ. ಕಾರಣ ಹೇಳಿಬಿಡುತ್ತೇನೆ.

1994ರಲ್ಲಿ ತಮ್ಮ ಮೈಸೂರಿನಲ್ಲಿ ಓದುತ್ತಿದ್ದ. ಊಟದ ದುಡ್ಡು ಉಳಿಸಿ ಹಳೆಯ ಡ್ರಮ್ ಸೆಟ್ಟೊಂದನ್ನು ಕೊಂಡು, ರಜೆಗೆ ಬರುವಾಗ ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದ. ನನಗಾಗ ಹೊಸದಾಗಿ ಕೆಲಸ ಸಿಕ್ಕಿತ್ತು. ಮನೆಗೆ ದುಡ್ಡು ಕೊಡುತ್ತಿದ್ದೆ. ಮಾತಿಗೂ ತೂಕ ಬಂದಿತ್ತು. ಅಪ್ಪ ಸುಮ್ಮನಿದ್ದರು, ಮಾತಾಡಿದವಳು ನಾನು. "ಇದು ಓದೋ ಹುಡುಗರು ಮಾಡೋ ಕೆಲಸವಲ್ಲ ಕಣೋ. ಬಾರಿಸಲೇಬೇಕು ಅಂದ್ರೆ ಮೃದಂಗ ಕಲಿ" ಅಂದೆ. ಅವನು ಎದುರಾಡಲಿಲ್ಲ. ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನವರಿಗೆ ಮಾರಿ, ಬಂದ ದುಡ್ಡನ್ನು ಅಮ್ಮನ ಕೈಗಿಟ್ಟು ಮೈಸೂರಿಗೆ ಹೊರಟುಹೋದ. ಮೃದಂಗವನ್ನೂ ಕಲಿಯಲಿಲ್ಲ.

2003ರಲ್ಲಿ ರೋಲಿಂಗ್ ಸ್ಟೋನ್ಸ್ ಮೊಟ್ಟಮೊದಲ ಬಾರಿ ನಮ್ಮ ದೇಶದಲ್ಲಿ ಹಾಡಿದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ, ಏಪ್ರಿಲ್ 4ರ ಶುಕ್ರವಾರ. ಮೂರು ದಿನ ಬಿಟ್ಟು ಮುಂಬಯಿಯಲ್ಲಿ. ತಮ್ಮ ಎರಡು ಟಿಕೆಟ್ ತಂದಿದ್ದ. ಜೊತೆಗೆ ಬರಬೇಕಿದ್ದ ಸ್ನೇಹಿತ ಕೈಕೊಟ್ಟನೆಂದು ನನ್ನನ್ನು ಕರೆದ. ಪರೀಕ್ಷೆಯ ಪತ್ರಿಕೆಗಳ ಕಟ್ಟನ್ನು ಬಿಟ್ಟು, ರೇಷ್ಮೆಯಲ್ಲದಿದ್ದರೂ ಕಂಚಿಯಂಚಿನ ಸೀರೆಯುಟ್ಟು ಹೋದೆ. ಮಳೆ ಹೊಯ್ದು ನೆಲವೆಲ್ಲ ಕೆಸರು. ಸುತ್ತಲೂ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರೇ. ನಡುನಡುವೆ ಬಕ್ಕತಲೆಯ ಗಂಡಸರು, ಇಪ್ಪತ್ತರ ಹುಡುಗರಿಗಿಂತ ಜೋರಾಗಿ ಕಿರುಚುತ್ತಿದ್ದರು.

ನಾನು ಕೇಳಿ ಬೆಳೆದದ್ದು ರಾಮೋತ್ಸವದ ಪೆಂಡಾಲಿನ ಸಂಗೀತ. ತನಿ ಆವರ್ತನ ಬಂದರೆ ಮೃದಂಗದವರು ಏನು ಮಾಡುತ್ತಾರೆಂದು ಕಾದು ಕೂರುವವಳು. ಇಲ್ಲಿಯೂ ಕಾದೆ. ಆತ ತನಿ ಬಾರಿಸಲೇ ಇಲ್ಲ. ಅವನಿಗೆ ಅದು ಹಿಡಿಸದೆಂದು ಆಮೇಲೆ ತಿಳಿಯಿತು. ಮುಂದೆ ಮಿಕ್ ಜಾಗರ್ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದರೆ, ಹಿಂದೆ ಒಂದು ಪುಟ್ಟ ಡ್ರಮ್ ಸೆಟ್ಟಿನ ಮುಂದೆ ಈತ ಕಡತ ನೋಡುವ ಗುಮಾಸ್ತನಂತೆ ಕೂತಿದ್ದ.

"ಬಲಗೈ ನೋಡು" ಅಂದ ತಮ್ಮ ಕಿವಿಯ ಹತ್ತಿರ. ಸಾಮಾನ್ಯವಾಗಿ ಡ್ರಮ್ಮರನ ಬಲಗೈ ಹೈ-ಹ್ಯಾಟ್ ಎಂಬ ಜೋಡಿ ತಾಳದ ತಟ್ಟೆಯ ಮೇಲೆ ಬಿಡದೆ ಆಡುತ್ತಿರುತ್ತದೆ. ಎಡಗೈ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಸ್ನೇರ್ ಡ್ರಮ್ಮನ್ನು ಹೊಡೆಯುತ್ತದೆ. ಚಾರ್ಲಿ ಎಡಗೈ ಬೀಳುವ ಆ ಕ್ಷಣಕ್ಕೆ ಬಲಗೈಯನ್ನು ಎತ್ತಿಬಿಡುತ್ತಿದ್ದ. ತಟ್ಟೆಯ ಸದ್ದು ಅಷ್ಟು ಹೊತ್ತು ಇಲ್ಲ. ಸ್ನೇರ್ ಒಂದೇ ಕೇಳುತ್ತದೆ. ಇಡೀ ಹಾಡಿಗೆ ಒಂದು ಉಸಿರಾಟ ಬರುತ್ತದೆ. ನುರಿತವನನ್ನು ನಾವು "ಎತ್ತಿದ ಕೈ" ಎನ್ನುತ್ತೇವಲ್ಲ, ಈತನ ವಿಷಯದಲ್ಲಿ ಅದು ಅಕ್ಷರಶಃ ನಿಜ. ಒಮ್ಮೆ ಅದು ಕಣ್ಣಿಗೆ ಬಿದ್ದಮೇಲೆ ನಾನು ಜಾಗರ್‌ನ ಕಡೆ ನೋಡಲಿಲ್ಲ. ವಾದ್ಯಗಾರರ ಹೆಸರು ಹೇಳುವಾಗ ಚಾರ್ಲಿಯ ಸರದಿ ಬಂದಿತು. ಮೈದಾನ ಹುಚ್ಚೆದ್ದು ಕೂಗಿತು. ಆತ ಮಾತ್ರ ಸಾಕು ಬಿಡಿ ಎಂಬ ಮುಖ ಮಾಡಿ ಕೂತ.

ಅಭಿಮಾನಿಗಳು ಆತನ ಬಗ್ಗೆ ಹೇಳಿ ದಣಿಯರು. ಕಾರು ಓಡಿಸಲು ಬಾರದಿದ್ದರೂ ಹಳೆಯ ಕಾರುಗಳನ್ನು ಕೊಂಡಿಟ್ಟದ್ದು, ಪ್ರವಾಸದಲ್ಲಿ ಮಲಗಿದ ಪ್ರತಿ ಹೋಟೆಲಿನ ಮಂಚದ ಚಿತ್ರ ಬರೆದಿಟ್ಟದ್ದು, 1964ರಲ್ಲಿ ಕೈಹಿಡಿದ ಶರ್ಲಿಯ ಜೊತೆಗೇ ಕೊನೆತನಕ ಬಾಳಿದ್ದು. ತಮ್ಮನಿಗೆ ಪ್ರಿಯವಾದದ್ದು ಆಮ್‌ಸ್ಟರ್‌ಡ್ಯಾಮಿನ ಕಥೆ. ಕೀತ್ ರಿಚರ್ಡ್ಸ್ 2010ರ ಆತ್ಮಕಥೆಯಲ್ಲಿ ಬರೆದದ್ದು ಅದು: ಕುಡಿದ ಜಾಗರ್ ಬೆಳಗಿನ ಜಾವ ಹೋಟೆಲ್ ಕೋಣೆಗೆ ಫೋನು ಮಾಡಿ ನನ್ನ ಡ್ರಮ್ಮರ್ ಎಲ್ಲಿ ಎಂದನಂತೆ. ಚಾರ್ಲಿ ಎದ್ದು, ಗಡ್ಡ ಹೆರೆದು, ಸೂಟು ಟೈ ಧರಿಸಿ ಬಂದು, ಇನ್ನೊಮ್ಮೆ ಹಾಗೆ ಕರೆಯಬೇಡ ಎಂದು ಒಂದು ಗುದ್ದು ಕೊಟ್ಟನಂತೆ. ಹೊಡೆದದ್ದು ಸರಿಯೆಂದು ಮೇಷ್ಟರಾದ ನಾನು ಹೇಳಲಾರೆ. ಗಡ್ಡ ಹೆರೆದದ್ದು ಮಾತ್ರ ನನಗೆ ಬಹಳ ಹಿಡಿಸಿತು.

ಆತ ಹೋದ ಒಂದು ತಿಂಗಳಿಗೆ, ಸೆಪ್ಟೆಂಬರ್ 26ರಂದು, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ತಂಡ ಮತ್ತೆ ವೇದಿಕೆ ಹತ್ತಿತು. ಸ್ಟೀವ್ ಜೋರ್ಡಾನ್ ಡ್ರಮ್ಮಿಗೆ. ಮೊದಲಿಗೆ ವೇದಿಕೆ ಖಾಲಿ. ಡ್ರಮ್ಮಿನ ಪೆಟ್ಟೊಂದೇ ಕೇಳುತ್ತಿತ್ತು. ಪರದೆಯ ಮೇಲೆ ಚಾರ್ಲಿಯ ಚಿತ್ರಗಳು ಬಂದುಹೋದವು. ತಮ್ಮ ಅದರ ವಿಡಿಯೋ ಕಳಿಸಿದ. ಒಬ್ಬಳೇ ಕೂತು ಎರಡು ಸಲ ನೋಡಿದೆ. ಅವತ್ತು ಡ್ರಮ್ ಮಾರಿಸಿದವಳು ನಾನೇ ಎಂದು ಬರೆಯಲು ಹೋಗಿ, ಬರೆದದ್ದನ್ನು ಅಳಿಸಿ, "ನೋಡಿದೆ" ಎಂದಷ್ಟೇ ಕಳಿಸಿದೆ.

ಆ ದೀಪಾವಳಿಗೆ ಬಂದಿದ್ದ. ನಾನು ಅಡುಗೆಮನೆಯಲ್ಲಿದ್ದೆ. ಊಟದ ಮೇಜಿನ ಮೇಲೆ ಎರಡು ಚಮಚದಿಂದ ಏನೋ ಬಾರಿಸುತ್ತಿರುವುದು ಕೇಳಿಸಿತು. ಒಲೆ ಸಣ್ಣಗೆ ಮಾಡಿ ಬಾಗಿಲಿಗೆ ಬಂದು ನಿಂತೆ. ಸ್ಟೀಲಿನ ತಟ್ಟೆಯ ಮೇಲೆ ಆಡುತ್ತಿದ್ದ ಅವನ ಬಲಗೈ ಎರಡಕ್ಕೊಮ್ಮೆ ನಾಲ್ಕಕ್ಕೊಮ್ಮೆ ಗಾಳಿಗೆ ಏಳುತ್ತಿತ್ತು. ನನ್ನನ್ನು ಕಂಡು ಚಮಚ ಕೆಳಗಿಟ್ಟ. "ಬಾರಿಸೋ" ಅಂದೆ.