ಇಂಗ್ಲೆಂಡಿನ ಅಗ್ಗಿಷ್ಟಿಕೆ ಮತ್ತು ಅದರ ಹೊಗೆ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಮನೆಯ ಬೆಂಕಿ ಉರಿಯುತ್ತಿದ್ದುದು ಹಜಾರದ ನಟ್ಟನಡುವೆ. ಹೊಗೆ ತೊಲೆಗಳ ಸಂದಿಯಲ್ಲಿ ಸುತ್ತಾಡಿ ಮಾಡಿನ ಕಿಂಡಿಯಿಂದ ಹೊರಬೀಳುತ್ತಿತ್ತು. ಕೆಂಟ್ ಸೀಮೆಯ ಪೆನ್ಸ್‌ಹರ್ಸ್ಟ್ ಪ್ಲೇಸ್‌ನಲ್ಲಿ 1341ರ ಸುಮಾರಿಗೆ ಕಟ್ಟಿದ ಹಜಾರವಿದ್ದು, ಅದರ ಎಂಟು ಮೂಲೆಯ ಒಲೆಕಟ್ಟೆ ಇಂದಿಗೂ ಉಳಿದಿದೆ. ಗೋಡೆಗೆ ಸೇರಿಸಿ ಕಟ್ಟಿದ ಅಗ್ಗಿಷ್ಟಿಕೆ ಮತ್ತು ಹೊಗೆಗೂಡು ಬಹುಕಾಲ ಕೋಟೆ, ಮಠಗಳ ಸೌಲಭ್ಯವಾಗಿದ್ದವು. ಸಾಮಾನ್ಯರ ಮನೆಗಳಲ್ಲಿ ಅವು ಹರಡಿದ್ದು 16ನೇ ಶತಮಾನದಲ್ಲಿ. ಸೌದೆ ತುಟ್ಟಿಯಾಗಿ, ನ್ಯೂಕಾಸಲ್‌ನಿಂದ ಹಡಗಿನಲ್ಲಿ ಬರುವ ಕಲ್ಲಿದ್ದಲೇ ಲಂಡನ್ನಿಗೆ ಗತಿಯಾದ ಕಾಲವದು. ಗಂಧಕ ಬೆರೆತ ಅದರ ಹೊಗೆಯನ್ನು ಮನೆಯೊಳಗೆ ಸಹಿಸುವುದು ಅಸಾಧ್ಯವಾಗಿತ್ತು.

1662ರಲ್ಲಿ ಸರ್ಕಾರ ಪ್ರತಿ ಒಲೆಗೆ ವರ್ಷಕ್ಕೆ 2 ಷಿಲಿಂಗ್ ತೆರಿಗೆ ಹಾಕಿತು. ಒಲೆ ಎಣಿಸಲು ಅಧಿಕಾರಿಗಳು ಮನೆಯೊಳಕ್ಕೇ ಬರುತ್ತಿದ್ದುದರಿಂದ ಜನ ರೊಚ್ಚಿಗೆದ್ದರು. 1689ರಲ್ಲಿ ಆ ತೆರಿಗೆ ರದ್ದಾಯಿತು.

ಆದರೂ ಅಗ್ಗಿಷ್ಟಿಕೆಯ ಮೂಲ ದೋಷ ಹಾಗೇ ಉಳಿದಿತ್ತು. ಅಗಲವಾದ ಗಂಟಲಿನ ಮೂಲಕ ಕೋಣೆಯ ಬಿಸಿಗಾಳಿಯೆಲ್ಲ ಮೇಲೇರಿ ಹೋಗುತ್ತಿತ್ತು. ಹೊಗೆ ಮಾತ್ರ ಆಗಾಗ ಕೋಣೆಗೇ ಹಿಂದಿರುಗುತ್ತಿತ್ತು. ಇದನ್ನು ಸರಿಪಡಿಸಿದವನು ಅಮೆರಿಕದಲ್ಲಿ ಹುಟ್ಟಿದ ಬೆಂಜಮಿನ್ ಥಾಂಪ್ಸನ್, ಅಂದರೆ ಕೌಂಟ್ ರಮ್‌ಫೋರ್ಡ್. 1796ರಲ್ಲಿ ಪ್ರಕಟವಾದ ಅವನ ಪ್ರಬಂಧದ ಪ್ರಕಾರ ಗಂಟಲು ನಾಲ್ಕು ಇಂಚಿಗೆ ಕಿರಿದಾಗಬೇಕು, ಹಿಂಗೋಡೆಯನ್ನು ಮುಂದಕ್ಕೆ ತಂದು ಬಾಯಿಯ ಅಗಲದ ಮೂರನೇ ಒಂದರಷ್ಟಕ್ಕೆ ಇಳಿಸಬೇಕು. ಪಕ್ಕದ ಗೋಡೆಗಳು ಹಿಂಗೋಡೆಗೆ 135 ಡಿಗ್ರಿಯಲ್ಲಿ ಓರೆಯಾಗಿ ನಿಂತರೆ ಕಾವು ಕೋಣೆಯತ್ತ ಹೊಮ್ಮುತ್ತದೆ. ಒಬ್ಬ ಗಾರೆಯವನು, ಒಂದಿಷ್ಟು ಇಟ್ಟಿಗೆ ಮತ್ತು ಗಾರೆ ಇದ್ದರೆ ಹಳೆಯ ಅಗ್ಗಿಷ್ಟಿಕೆಯನ್ನೇ ಹೀಗೆ ಮಾರ್ಪಡಿಸಬಹುದಿತ್ತು. ಇಷ್ಟು ಅಗ್ಗದಲ್ಲಿ ಇಷ್ಟು ಉಪಕಾರ ಮಾಡಿದ ಸುಧಾರಣೆಗಳು ಗೃಹನಿರ್ಮಾಣದ ಚರಿತ್ರೆಯಲ್ಲಿ ವಿರಳ. ಜೇನ್ ಆಸ್ಟಿನ್‌ಳ 'ನಾರ್ಥ್ಯಾಂಗರ್ ಅಬೆ' ಕಾದಂಬರಿಯ ನಾಯಕಿ ಪುರಾತನ ಕೆತ್ತನೆಯ ದೊಡ್ಡ ಅಗ್ಗಿಷ್ಟಿಕೆಯನ್ನು ಕಾಣಲು ಹೋಗಿ, ರಮ್‌ಫೋರ್ಡ್ ಮಾದರಿಗೆ ಕುಗ್ಗಿದ್ದನ್ನು ಕಂಡು ನಿರಾಶಳಾಗುತ್ತಾಳೆ.

ಕೋಣೆಯ ಸುಖಕ್ಕೆ ಬೆಲೆ ತೆತ್ತವರು ಬಡವರ ಮಕ್ಕಳು. ಹೊಗೆಗೂಡಿನ ಕೊಳವೆ ಸಾಮಾನ್ಯವಾಗಿ 14 ಇಂಚಿಗೆ 9 ಇಂಚಿನಷ್ಟು ಇಕ್ಕಟ್ಟು. ಐದಾರು ವರ್ಷದ ಹುಡುಗರು ಮೊಣಕಾಲು, ಮೊಣಕೈ ಊರಿ ಅದರೊಳಗೆ ಹತ್ತಿ ಮಸಿ ಕೆರೆಯುತ್ತಿದ್ದರು. ಈ ಕಸುಬಿನವರಿಗೆ ಮಸಿಯಿಂದಲೇ ವೃಷಣಚೀಲದ ಕ್ಯಾನ್ಸರ್ ಬರುತ್ತದೆಂದು ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದ. 1788ರಿಂದ ಒಂದರ ಮೇಲೊಂದು ಕಾನೂನು ಬಂದರೂ ಜಾರಿಗೆ ತರುವವರಿರಲಿಲ್ಲ. 1875ರಲ್ಲಿ ಕೇಂಬ್ರಿಜ್ ಬಳಿಯ ಆಸ್ಪತ್ರೆಯೊಂದರ ಹೊಗೆಗೂಡಿನಲ್ಲಿ ಸಿಕ್ಕಿಕೊಂಡು ಜಾರ್ಜ್ ಬ್ರೂಸ್ಟರ್ ಎಂಬ ಬಾಲಕ ಸತ್ತ. ಅದೇ ವರ್ಷ ಸಮಾಜ ಸುಧಾರಕ ಲಾರ್ಡ್ ಶಾಫ್ಟ್ಸ್‌ಬರಿ ತಂದ ಕಾಯ್ದೆಯಿಂದ, ಹೊಗೆಗೂಡು ಗುಡಿಸುವವರು ಪೊಲೀಸರಿಂದ ಪರವಾನಗಿ ಪಡೆಯುವುದು ಕಡ್ಡಾಯವಾಗಿ, ಆ ಕ್ರೌರ್ಯ ನಿಂತಿತು.

ಮನೆಯಿಂದ ಹೊರಗೆ ಹೋದ ಹೊಗೆ ಊರಿನ ಮೇಲೆ ಕವಿಯಿತು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಮುಸುಕಿದ ಹೊಗೆಮಂಜಿಗೆ ಸುಮಾರು 4,000 ಜನ ಬಲಿಯಾದರೆಂದು ಆಗ ಅಂದಾಜಿಸಲಾಯಿತು. ನಂತರದ ಅಧ್ಯಯನಗಳು ಆ ಸಂಖ್ಯೆಯನ್ನು 12,000ಕ್ಕೆ ಏರಿಸಿವೆ. 1956ರ ಶುದ್ಧ ಗಾಳಿ ಕಾಯ್ದೆ ಹೊಗೆ ನಿಯಂತ್ರಣ ವಲಯಗಳನ್ನು ರೂಪಿಸಿ, ಅಗ್ಗಿಷ್ಟಿಕೆ ಬದಲಿಸಿಕೊಳ್ಳಲು ಮನೆಯವರಿಗೆ ಸಹಾಯಧನ ಒದಗಿಸಿತು.

ಇಂದಿಗೂ ಅಂಥ ವಲಯದ ತೆರೆದ ಅಗ್ಗಿಷ್ಟಿಕೆಯಲ್ಲಿ ಸೌದೆ ಉರಿಸುವಂತಿಲ್ಲ. ಅನುಮೋದಿತ ಮುಚ್ಚಿದ ಒಲೆ ಬೇಕು. ಮನೆಬಳಕೆಯ ಸಾಂಪ್ರದಾಯಿಕ ಕಲ್ಲಿದ್ದಲಿನ ಮಾರಾಟ 2023ರಲ್ಲಿ ಇಂಗ್ಲೆಂಡಿನಲ್ಲಿ ಪೂರ್ತಿ ನಿಂತಿದೆ. ಸಣ್ಣ ಪ್ರಮಾಣದಲ್ಲಿ ಮಾರುವ ಸೌದೆಯ ತೇವಾಂಶ ಶೇ. 20ನ್ನು ಮೀರುವಂತಿಲ್ಲ.