ಓಟದ ಕುದುರೆಯ ಕಂಠಪರೀಕ್ಷೆ

ಕಾರ್ಕಳದ ಮಿಯಾರಿನಲ್ಲಿಯೋ ಕಾಪು ಸೀಮೆಯ ಕಟಪಾಡಿಯಲ್ಲಿಯೋ ಕಂಬಳದ ಕರೆಯ ಬದಿಗೆ ನಿಂತು ಕೋಣಗಳ ಓಟವನ್ನು ಕಂಡವರಿಗೆ ಪಂದ್ಯದ ಪ್ರಾಣಿಯ ಉಸಿರಿನ ಬೆಲೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಕೋಣದ ಓಟವು ಹದಿನೈದು ಸೆಕೆಂಡುಗಳ ಆಸುಪಾಸಿನಲ್ಲಿ ಮುಗಿದುಹೋಗುವಂಥದು. ಬೆಂಗಳೂರು ಮೈಸೂರುಗಳ ಮೈದಾನಗಳಲ್ಲಿ ಓಡುವ ಕುದುರೆಯಾದರೋ 1000 ಮೀಟರನ್ನೂ ಅದಕ್ಕಿಂತ ಬಹಳ ಹೆಚ್ಚಿನ ದೂರವನ್ನೂ ನೆಗೆತಕ್ಕೊಂದು ಉಸಿರಿನಂತೆ, ನಿಮಿಷಕ್ಕೆ 120ಕ್ಕೂ ಮಿಗಿಲಾದ ಉಸಿರುಗಳನ್ನು ಮೂಗಿನಿಂದಲೇ ಎಳೆದು ಕ್ರಮಿಸಬೇಕು. ಬಾಯಿಂದ ಉಸಿರಾಡುವ ಸೌಕರ್ಯವನ್ನು ಪ್ರಕೃತಿಯು ಅದಕ್ಕೆ ದಯಪಾಲಿಸಿಲ್ಲ. ಆದುದರಿಂದ ಮೂಗಿಗೂ ಶ್ವಾಸನಾಳಕ್ಕೂ ನಡುವಣ ಹಾದಿಯಲ್ಲಿ ಒದಗುವ ಅಲ್ಪ ಅಡಚಣೆಯೂ ಪಂದ್ಯವನ್ನು ಕೆಡಿಸಬಲ್ಲುದು.

ಈ ಅಡಚಣೆಗಳಲ್ಲಿ ಮೊದಲು ಗುರುತಿಗೆ ಬಂದುದು ಓಡುವಾಗ ಉಸಿರೆಳೆದಂತೆಲ್ಲ ಭೋರ್ಗರೆವ ಕುದುರೆಯ ವ್ಯಾಧಿ. ಧ್ವನಿಪೆಟ್ಟಿಗೆಯ ಎಡಭಾಗವನ್ನು ಆಳುವ ನರವು ಮಿದುಳಿನಿಂದ ಹೊರಟು ಎದೆಯೊಳಗಿಳಿದು, ಮಹಾಧಮನಿಯನ್ನು ಬಳಸಿ ಮತ್ತೆ ಕಂಠಕ್ಕೆ ಏರಿಬರುವಂಥ ಸುದೀರ್ಘ ನರವಾದುದರಿಂದ, ಎತ್ತರದ ಕುದುರೆಗಳಲ್ಲಿ ಅದು ಕ್ರಮೇಣ ಕ್ಷೀಣಿಸಿ, ಎಡಗಡೆಯ ಮೃದ್ವಸ್ಥಿಯು ತೆರೆಯಲಾರದ ಕದದಂತೆ ಹಾದಿಗೆ ಅಡ್ಡವಾಗುತ್ತದೆ. ಬಹುಕಾಲ ಇದನ್ನು ನಿರ್ಣಯಿಸುವುದಕ್ಕೆ ಪರೀಕ್ಷಕನ ಕಿವಿಯೊಂದೇ ಸಾಧನವಾಗಿದ್ದಿತು.

ಕಣ್ಣಿಗೆ ಎಡೆ ದೊರೆತುದು ತಡವಾಗಿ. ಗಾಯನಗುರು ಮ್ಯಾನುಯೆಲ್ ಗಾರ್ಸಿಯಾ 1854ರಲ್ಲಿ ಕನ್ನಡಿಯ ಸಹಾಯದಿಂದ ತನ್ನ ಧ್ವನಿತಂತುಗಳನ್ನೇ ಕಂಡನಾದರೂ, ಅಷ್ಟುದ್ದದ ಮೋರೆಯ ಕುದುರೆಗೆ ಆ ಉಪಾಯವು ಸಲ್ಲಲಿಲ್ಲ. ಆ ಶತಮಾನದ ಕೊನೆಯಲ್ಲಿ ಬಂದ ಬಿರುಸಾದ ಲೋಹದ ನಳಿಗೆಗಳು ಪಶುವಿಗೂ ವೈದ್ಯನಿಗೂ ಸಮಾನವಾಗಿ ಕಷ್ಟದಾಯಕವಾಗಿದ್ದುವು. ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಗಳು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮರುವರ್ಷ, ಅಂದರೆ 1954ರಲ್ಲಿ, ಭೌತವಿಜ್ಞಾನಿಗಳಾದ ಹಾಪ್ಕಿನ್ಸ್ ಮತ್ತು ಭಾರತಸಂಜಾತ ನರೀಂದರ್ ಕಪಾನಿಯವರು ಗಾಜಿನ ಎಳೆಗಳ ಕಟ್ಟಿನ ಮೂಲಕ ಬಿಂಬವನ್ನು ಸಾಗಿಸುವ ಬಗೆಯನ್ನು ಪ್ರಕಟಿಸಿದರು. ಬಾಗುವ ಎಂಡೋಸ್ಕೋಪು ಅದರಿಂದ ಹುಟ್ಟಿ, ಮೊದಲು ಮನುಷ್ಯರ ಜಠರವನ್ನು ಹೊಕ್ಕು, 1970ರ ದಶಕದಲ್ಲಿ ಕುದುರೆಲಾಯಗಳನ್ನು ಸೇರಿತು.

ಉಡುಪಿ ಮಣಿಪಾಲಗಳ ಆಸ್ಪತ್ರೆಗಳಲ್ಲಿ ಗಂಟಲು ತೋರಿಸಿಕೊಂಡವರಿಗೆ, ‘ಈ’ ಎನ್ನಿರಿ ಎಂಬ ವೈದ್ಯರ ಅಪ್ಪಣೆಯು ನೆನಪಿರಬಹುದು. ಕುದುರೆಗೆ ಹಾಗೆ ಅಪ್ಪಣೆ ಕೊಡುವಂತಿಲ್ಲವಾಗಿ, ಪಶುವೈದ್ಯನು ಅದರ ಹೊಳ್ಳೆಗಳನ್ನು ಕ್ಷಣಕಾಲ ಮುಚ್ಚಿ ದೀರ್ಘಶ್ವಾಸಕ್ಕೆ ಪ್ರೇರಿಸುವನು. ಗಂಟಲಿಗೆ ನೀರು ಚಿಮುಕಿಸಿ ನುಂಗಿಸುವನು. ನುಂಗಿದೊಡನೆ ಎರಡೂ ಮೃದ್ವಸ್ಥಿಗಳು ಪೂರ್ಣವಾಗಿ ತೆರೆದುವೇ ಎಂದು ನೋಡುವನು. ಇದನ್ನು ನಾಲ್ಕು ದರ್ಜೆಗಳಲ್ಲಿ ಅಳೆಯುವ ಕ್ರಮವೊಂದನ್ನು ತಜ್ಞರು 2003ರಲ್ಲಿ ಒಟ್ಟುಗೂಡಿ ರೂಪಿಸಿದರು. ಎಳೆಯ ಕುದುರೆಗಳ ಗಂಟಲ ಗೋಡೆಯ ಮೇಲೆ ಕಾಣುವ ಗುಳ್ಳೆಗಳಂಥ ಗಂಟುಗಳು ಮಾತ್ರ ಬಹುಮಟ್ಟಿಗೆ ವಯಸ್ಸಿನ ಗುಣವೇ. ಎರಡು ವರ್ಷದ ಪ್ರಾಯದಲ್ಲಿ ತುಂಬಿ ನಿಂತವು ಪ್ರಾಯ ಬಲಿತಂತೆ ತಾವಾಗಿ ಇಳಿಯುತ್ತವೆ. ಒಂದು ಕಾಲಕ್ಕೆ ಅವನ್ನು ಸುಟ್ಟು ತೆಗೆಯುವುದಕ್ಕೂ ಉತ್ಸಾಹವಿದ್ದಿತೆಂಬುದು, ಕಂಡುದನ್ನೆಲ್ಲ ರೋಗವೆನ್ನುವ ಹೊಸ ಕಣ್ಣಿನ ಆತುರವೆಂದೇ ನನ್ನ ಭಾವನೆ.

ನಿಂತ ಕುದುರೆಯು ಮರೆಮಾಚುವುದೂ ಬಹಳ. ಮೆದು ಅಂಗುಳು ಧ್ವನಿಪೆಟ್ಟಿಗೆಯ ಮುಚ್ಚಳದ ಕೆಳಗಿನ ತನ್ನ ನೆಲೆಯಿಂದ ಜಾರಿ ಮೇಲಕ್ಕೆ ಬಂದು ಉಸಿರನ್ನು ತಡೆಯುವ ದೋಷವು ಓಟದ ಭರದಲ್ಲಿ ತೋರಿ, ಒಮ್ಮೆ ನುಂಗಿದರೆ ಮಾಯವಾಗುವಂಥದು. ಹೀಗಾಗಿ 1980ರ ದಶಕದಿಂದೀಚೆಗೆ ಟ್ರೆಡ್‌ಮಿಲ್ಲಿನ ಮೇಲೆ ಓಡಿಸುತ್ತಲೇ ನೋಡುವ ಪದ್ಧತಿಯು ಬಂದಿತು. 2006ರಲ್ಲಿ ಪ್ರಕಟವಾದ 600 ಪಂದ್ಯದ ಕುದುರೆಗಳ ಬ್ರಿಟಿಷ್ ಅಧ್ಯಯನವು, ವಿಶ್ರಾಂತಿಯಲ್ಲಿ ಕಂಡುದನ್ನು ಮಾತ್ರ ನಂಬಿ ಅಂಗುಳಿನ ದೋಷವನ್ನು ನಿರ್ಣಯಿಸಲಾಗದೆಂದು ತೋರಿಸಿತು. ಯಂತ್ರದ ಪಟ್ಟಿಯ ಮೇಲೆ ಸವಾರನೂ ಇಲ್ಲ, ಎದುರಾಳಿಯೂ ಇಲ್ಲ. ಆ ಕೊರತೆಯನ್ನು, 2008ರ ಸುಮಾರಿಗೆ ಬಳಕೆಗೆ ಬಂದ, ಕಡಿವಾಣದ ಪಟ್ಟಿಗೆ ಬಿಗಿದು ಮೈದಾನದಲ್ಲಿಯೇ ಚಿತ್ರ ಹಿಡಿಯುವ ಎಂಡೋಸ್ಕೋಪು ನೀಗಿಸಿತು.

ಇಷ್ಟಾದರೂ ವಿದೇಶಗಳ ಹರಾಜುಕಟ್ಟೆಗಳಲ್ಲಿ ಭಾರೀ ಬೆಲೆಗೆ ಮಾರಾಟವಾಗುವವುಗಳಲ್ಲಿ ಇನ್ನೂ ಜೀನು ಕಾಣದ ವರ್ಷದ ಮರಿಯೂ ಒಂದು. ಅದನ್ನು ಸವಾರನೊಡನೆ ಓಡಿಸಿ ನೋಡುವಂತಿಲ್ಲ. ನಿಲ್ಲಿಸಿ ನೋಡಿದ ದರ್ಜೆಯಾದರೋ ದಿನದಿಂದ ದಿನಕ್ಕೆ ಬದಲಾಗಬಹುದು. ಅಂಥ ಮರಿಗೆ, ಕತ್ತಿನ ಹೊರಗಿನಿಂದಲೇ ಧ್ವನಿಪೆಟ್ಟಿಗೆಯ ಸ್ನಾಯುಗಳ ಕ್ಷಯವನ್ನು ತೋರಿಸುವ ಅಲ್ಟ್ರಾಸೌಂಡ್ ಪರೀಕ್ಷೆಯು ಈಚೆಗೆ ಎಂಡೋಸ್ಕೋಪಿನ ಜೊತೆಗೂಡಿದೆ.