ಹಳೇ ಗಾಳದ ರೀಲ್ ಗುಜರಿಗೆ ಹಾಕುವ ಮುನ್ನ ಓದಿ: ಬಿಚ್ಚಿ ತೊಳೆದು ಮತ್ತೆ ತಿರುಗಿಸೋದು ಹೇಗೆ?

ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಗಾಳದ ರೀಲ್ ಬಿದ್ದಿದ್ಯಾ? ಹಿಡಿಕೆ ತಿರುಗಿಸಿದರೆ ಕರಕರ ಅನ್ನುತ್ತಾ? ಇಲ್ಲ ಪೂರ್ತಿ ಜಾಮ್ ಆಗಿದ್ಯಾ? ಹಾಗಂತ ಗುಜರಿಯವರ ತಕ್ಕಡಿಗೆ ಹಾಕ್ಬೇಡಿ. ಇಂಥ ರೀಲ್‌ಗಳಲ್ಲಿ ಬಹಳ ಸಲ ಕೆಟ್ಟಿರೋದು ಹಲ್ಲುಚಕ್ರ ಅಲ್ಲ, ಒಣಗಿ ಅಂಟಾದ ಗ್ರೀಸ್. ಅರ್ಧ ದಿನದ ಕೆಲಸ, ಸ್ವಲ್ಪ ಸೀಮೆಎಣ್ಣೆ, ತಾಳ್ಮೆ ಇದ್ದರೆ ಸಾಕು. ಆದರೆ ಅವಸರದಲ್ಲಿ ಒಂದು ಸ್ಕ್ರೂ ತಲೆ ಹಾಳು ಮಾಡಿದರೆ ಒಳ್ಳೇ ರೀಲ್ ಕೂಡ ಗುಜರಿಯೇ.

ಯಾವ ರೀಲ್ ಇದು?

ಕೋಲಿಗೆ ಅಡ್ಡವಾಗಿ ಕೂತು, ದಾರದ ಉರುಳೆಯೇ ತಿರುಗುವ ರೀಲ್‌ಗೆ ಕನ್ವೆನ್ಷನಲ್ ಅಥವಾ ಮಲ್ಟಿಪ್ಲೈಯರ್ ರೀಲ್ ಅಂತಾರೆ. ಹಿಡಿಕೆ ಒಂದು ಸುತ್ತು ತಿರುಗಿದರೆ ಒಳಗಿನ ಉರುಳೆ ಅದಕ್ಕಿಂತ ಹೆಚ್ಚು ಸುತ್ತು ತಿರುಗುತ್ತೆ. ಹಳೇದರಲ್ಲಿ ಎರಡು ಹೆಸರು ಪ್ರಸಿದ್ಧ. ಒಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ 1932ರಲ್ಲಿ ಶುರುವಾದ ಪೆನ್ ಕಂಪನಿಯದು. ಅವರ 'ಸೆನೇಟರ್' ಸಮುದ್ರದ ದೊಡ್ಡ ಮೀನಿಗೆ ಮಾಡಿದ ಗಟ್ಟಿ ರೀಲ್. ಇನ್ನೊಂದು ಸ್ವೀಡನ್ನಿನ ಸ್ವಾಂಗ್‌ಸ್ಟಾ ಊರಿನ ಆಬು ಕಂಪನಿಯ 'ಅಂಬಾಸಡರ್'. 1921ರಲ್ಲಿ ಗಡಿಯಾರದ ಕಾರ್ಖಾನೆಯಾಗಿ ಶುರುವಾದ ಕಂಪನಿ ಅದು.

ನಮ್ಮ ಕಡೆಗೂ ನಂಟಿದೆ. 1970ರ ದಶಕದ ಕೊನೆಯಿಂದ ಬ್ರಿಟಿಷ್ ಗಾಳಗಾರರು ಬಿಳಿಮೀನು, ಅಂದ್ರೆ ಮಹಶೀರ್ ಹಿಡಿಯೋಕೆ ಕಾವೇರಿಗೆ ಬರತೊಡಗಿದಾಗ ಇಂಥ ಮಲ್ಟಿಪ್ಲೈಯರ್‌ಗಳನ್ನೇ ತಂದಿದ್ದರು.

ಬಿಚ್ಚುವ ಮೊದಲು

ಬಿಳಿ ಬಟ್ಟೆ ಹಾಸಿ, ಅಂಚು ಎತ್ತರ ಇರೋ ತಟ್ಟೆ ಇಟ್ಕೊಳ್ಳಿ. ಒಳಗೆ ಸಣ್ಣ ಸ್ಪ್ರಿಂಗ್‌ಗಳಿವೆ, ಹಾರಿದರೆ ಸಿಗೋದು ಕಷ್ಟ. ಪ್ರತಿ ಭಾಗ ತೆಗೆಯುವಾಗ ಮೊಬೈಲಲ್ಲಿ ಫೋಟೋ ತೆಗೀರಿ. ತೆಗೆದ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸಿಡಿ.

ಸ್ಕ್ರೂ ಡ್ರೈವರ್ ತುದಿ ಸ್ಕ್ರೂವಿನ ಗಾಡಿಗೆ ಸರಿಯಾಗಿ ಕೂರಬೇಕು. ಅಗಲ ಕಮ್ಮಿ ಇದ್ರೆ ತಲೆ ಕಿತ್ತು ಬರುತ್ತೆ. ಉಪ್ಪುನೀರು ಕಂಡ ರೀಲ್‌ನಲ್ಲಿ ಬೇರೆ ಬೇರೆ ಲೋಹ ಒಂದಕ್ಕೊಂದು ಹಿಡಿದುಕೊಂಡಿರುತ್ತೆ. ಬಲ ಹಾಕ್ಬೇಡಿ. ತುಕ್ಕು ಬಿಡಿಸುವ ಎಣ್ಣೆ ಒಂದೆರಡು ಹನಿ ಬಿಟ್ಟು ರಾತ್ರಿಯಿಡೀ ಇಡಿ. ಬೆಳಗ್ಗೆ ಡ್ರೈವರ್ ಹಿಡಿಕೆ ಮೇಲೆ ಮೆಲ್ಲಗೆ ತಟ್ಟಿ, ಆಮೇಲೆ ತಿರುಗಿಸಿ. ಹಳೇ ಪೆನ್‌ನ ಕರಿ ಪಕ್ಕದ ತಟ್ಟೆ ಬೇಕಲೈಟ್‌ದು. ಬೆಂಕಿ ತೋರಿಸಿದರೂ, ಕೆಳಗೆ ಬೀಳಿಸಿದರೂ ಸೀಳುತ್ತೆ.

ತೊಳೆಯೋದು

ಮೊದಲು ಹಳೇ ತಂಗೂಸಿ ಪೂರ್ತಿ ಬಿಚ್ಚಿ ಬಿಸಾಕಿ. ಅದರಡಿ ಉಪ್ಪು, ಕೊಳೆ ಕೂತಿರುತ್ತೆ. ಲೋಹದ ಭಾಗಗಳನ್ನ ಸೀಮೆಎಣ್ಣೆಯಲ್ಲಿ ನೆನೆಸಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಆಮೇಲೆ ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಬೇಕಲೈಟ್, ಪ್ಲಾಸ್ಟಿಕ್‌ಗೆ ಸೋಪಿನ ನೀರು ಮಾತ್ರ ಸಾಕು, ಥಿನ್ನರ್ ಬೇಡ. ಡ್ರ್ಯಾಗ್ ವಾಷರ್‌ಗಳನ್ನ ಯಾವುದರಲ್ಲೂ ನೆನೆಸ್ಬೇಡಿ, ಬೇರೆ ತೆಗೆದಿಡಿ.

ಹಿತ್ತಾಳೆ ಭಾಗಕ್ಕೆ ಹಸಿರು ಕಿಲುಬು ಹಿಡಿದಿದ್ರೆ ಮನೆಯ ಹುಣಸೆಹುಳಿಯೇ ಸಾಕು. ಹುಳಿಯ ಆಮ್ಲ ಕಿಲುಬನ್ನ ಕರಗಿಸುತ್ತೆ. ಕೆಲವು ನಿಮಿಷ ಅಷ್ಟೇ, ಆಮೇಲೆ ನೀರಲ್ಲಿ ಚೆನ್ನಾಗಿ ತೊಳೀರಿ. ಕ್ರೋಮ್ ಮೇಲೆ ಹುಳಿ, ಉಪ್ಪುಕಾಗದ ಎರಡೂ ಬೇಡ. ಮೇಲಿನ ತೆಳು ಲೇಪ ಹೋದರೆ ವಾಪಸ್ ಬರಲ್ಲ. ಫಳಫಳ ಹೊಳೆಯೋದು ಮುಖ್ಯ ಅಲ್ಲ, ತಿರುಗೋದು ಮುಖ್ಯ.

ಎಲ್ಲಿ ಎಣ್ಣೆ, ಎಲ್ಲಿ ಗ್ರೀಸ್?

ವೇಗವಾಗಿ ತಿರುಗೋ ಜಾಗಕ್ಕೆ ಎಣ್ಣೆ, ಭಾರ ಹೊರೋ ಜಾಗಕ್ಕೆ ಗ್ರೀಸ್. ಇದೊಂದು ನೆನಪಿದ್ರೆ ಸಾಕು.

ಉರುಳೆಯ ಎರಡು ತುದಿಯ ಬೇರಿಂಗ್ ಅಥವಾ ಬುಷ್, ಹಿಡಿಕೆಯ ಗುಂಡಿ: ಹೊಲಿಗೆ ಯಂತ್ರದ ಎಣ್ಣೆ, ಒಂದೊಂದೇ ಹನಿ.

ದೊಡ್ಡ ಗೇರ್, ಚಿಕ್ಕ ಗೇರ್ (ಪಿನಿಯನ್): ಹಲ್ಲಿನ ಮೇಲೆ ತೆಳುವಾಗಿ ಗ್ರೀಸ್.

ಸ್ಕ್ರೂ ಮರೆಗಳು, ತಟ್ಟೆಗಳ ಒಳಮೈ: ನೀರು ತಡೆಯೋ ಗ್ರೀಸ್ ಸವರಿ. ಮುಂದಿನ ಸಲ ಸ್ಕ್ರೂ ಸುಲಭವಾಗಿ ಬರುತ್ತೆ.

ಹಿಡಿಕೆ ಹಿಂದೆ ತಿರುಗದಂತೆ ತಡೆಯೋ ಕೊಕ್ಕೆ: ಇಲ್ಲಿ ಗ್ರೀಸ್ ಜಾಸ್ತಿ ಆಗ್ಬಾರದು. ಅಂಟಿಗೆ ಸಿಕ್ಕಿದರೆ ಸ್ಪ್ರಿಂಗ್ ಅದನ್ನ ತಳ್ಳಲ್ಲ. ಮೀನು ಎಳೆದಾಗ ಹಿಡಿಕೆ ಹಿಮ್ಮುಖ ತಿರುಗಿ ಬೆರಳಿನ ಗೆಣ್ಣಿಗೆ ಬಡಿಯುತ್ತೆ.

ಕೊಬ್ಬರಿ ಎಣ್ಣೆ ಮಾತ್ರ ಬೇಡವೇ ಬೇಡ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತೆ, ಹಳೇದಾದರೆ ಅಂಟಾಗುತ್ತೆ. ಮತ್ತೆ ಅದೇ ಕತೆ.

ಡ್ರ್ಯಾಗ್: ರೀಲ್‌ನ ಬ್ರೇಕ್

ಹಿಡಿಕೆ ಹತ್ತಿರದ ನಕ್ಷತ್ರದಾಕಾರದ ಚಕ್ರ ಬಿಗಿ ಮಾಡಿದರೆ ದೊಡ್ಡ ಗೇರ್ ಒಳಗಿನ ವಾಷರ್‌ಗಳು ಒಂದಕ್ಕೊಂದು ಒತ್ತಿಕೊಳ್ಳುತ್ತೆ. ಒಂದು ಲೋಹದ್ದು, ಒಂದು ಉಜ್ಜುವ ವಾಷರ್, ಹೀಗೆ ಸಾಲಾಗಿರುತ್ತೆ. ಆ ಕ್ರಮ ತಪ್ಪಿದರೆ ಬ್ರೇಕ್ ಹಿಡಿಯಲ್ಲ, ಅದಕ್ಕೇ ಫೋಟೋ ಬೇಕು ಅಂದಿದ್ದು.

ಹಳೇ ಚರ್ಮ ಅಥವಾ ಫೈಬರ್ ವಾಷರ್ ಗಟ್ಟಿಯಾಗಿ ಮಿರುಗುತ್ತಿದ್ದರೆ ಬದಲಾಯಿಸೋದೇ ಸರಿ. ಉಜ್ಜಿ ಧೂಳೆಬ್ಬಿಸ್ಬೇಡಿ. ಈಗ ಕಾರ್ಬನ್ ವಾಷರ್ ಸಿಗುತ್ತೆ, ರೀಲ್ ಮೇಲಿನ ಮಾಡೆಲ್ ನಂಬರ್ ನೋಡಿ ತರಿಸಿ. ಕಾರ್ಬನ್‌ಗೆ ಡ್ರ್ಯಾಗ್‌ಗೆಂದೇ ಬರುವ ಗ್ರೀಸ್ ತೆಳುವಾಗಿ ಸವರಿ, ಹೆಚ್ಚಾದದ್ದು ಒರೆಸಿ. ರೀಲ್‌ನ ನುಣುಪು ಹೆಚ್ಚಾಗಿ ನಿಂತಿರೋದು ಇಲ್ಲೇ. ಡ್ರ್ಯಾಗ್ ಹಿಡಿದು ಬಿಟ್ಟು ಜರ್ಕ್ ಹೊಡೆದರೆ ದಾರ ತುಂಡಾಗುತ್ತೆ. ಗಾಳ ಮೀನಿನ ಬಾಯಲ್ಲೇ ಉಳಿಯುತ್ತೆ.

ಪರೀಕ್ಷೆ ಹೀಗೆ

ಜೋಡಿಸಿದ ಮೇಲೆ ಉರುಳೆ ಬಿಡುಗಡೆ ಮಾಡಿ ಬೆರಳಲ್ಲಿ ತಿರುಗಿಸಿ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ತಡೆದರೆ ಬೇರಿಂಗ್ ಕೆಟ್ಟಿದೆ, ಇಲ್ಲ ಉರುಳೆ ಸೊಟ್ಟಗಿದೆ. ಪಕ್ಕದ ಮೂತಿ ತೀರಾ ಬಿಗಿ ಇದ್ದರೂ ಸಲೀಸಾಗಿ ತಿರುಗಲ್ಲ, ಉರುಳೆಗೆ ಕೂದಲೆಳೆಯಷ್ಟು ಅಲ್ಲಾಟ ಇರಬೇಕು. ಸುಮ್ಮನೆ ತಿರುಗಿಸಿದಾಗ ಸರಿ ಇದ್ದು ಭಾರ ಬಿದ್ದಾಗ ಮಾತ್ರ ಕರಕರ ಅಂದ್ರೆ ಗೇರ್ ಹಲ್ಲು ಸವೆದಿರಬಹುದು.

ಡ್ರ್ಯಾಗ್ ಹೊಂದಿಸೋಕೆ ಸ್ಪ್ರಿಂಗ್ ತಕ್ಕಡಿ ಸಾಕು. ದಾರದ ತುದಿಗೆ ಕಟ್ಟಿ ಎಳೀರಿ. ದಾರ ತಡೆಯೋ ಭಾರದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಉರುಳೆ ಜಾರಬೇಕು. 30 ಪೌಂಡ್, ಅಂದ್ರೆ ಸುಮಾರು 13.6 ಕೆಜಿ ತಡೆಯೋ ದಾರಕ್ಕೆ ಮೂರೂವರೆಯಿಂದ ನಾಲ್ಕೂವರೆ ಕೆಜಿ. ಮುಳ್ಳು ಒಂದೇ ಸಮ ನಿಲ್ಲಬೇಕು, ಕುಣಿಯಬಾರದು. ಎತ್ತಿಡುವಾಗ ಡ್ರ್ಯಾಗ್ ಸಡಿಲ ಬಿಡಿ.

ಅಂಗಡಿಯವರಿಗೆ ಒಂದು ಮಾತು

ಗುಜರಿಗೆ ಬಂದ ರೀಲ್ ತೂಕಕ್ಕೆ ಹಾಕುವ ಮೊದಲು ಹೆಸರು, ನಂಬರ್ ನೋಡಿ. ಹಳೇ ಪೆನ್, ಆಬು ರೀಲ್ ಸಂಗ್ರಹಿಸೋರು ಹೊರಗಡೆ ಇದ್ದಾರೆ. ಕೆಟ್ಟ ರೀಲ್ ಆದರೂ ಬಿಡಿಭಾಗಕ್ಕೆ ಬೆಲೆ ಉಂಟು. ಬೇರಿಂಗ್ ಕೇಳಿಕೊಂಡು ಬಂದರೆ ಒಳ ಅಳತೆ, ಹೊರ ಅಳತೆ, ದಪ್ಪ ಈ ಮೂರು ಅಳೆದು ಕೊಡಿ.

ರೀಲ್ ಸರಿಯಾದ ಮೇಲೆ

ರೀಲ್ ರಿಪೇರಿ ಆಯ್ತು ಅಂತ ಎಲ್ಲಿ ಬೇಕಾದರೂ ಗಾಳ ಹಾಕೋ ಹಾಗಿಲ್ಲ. ಕಾವೇರಿ ವನ್ಯಜೀವಿಧಾಮದೊಳಗಿನ ಹಳೇ ಗಾಳದ ಕ್ಯಾಂಪುಗಳ ಕಾಲ ಮುಗಿದಿದೆ. ಗೂನು ಬೆನ್ನಿನ ಕಾವೇರಿ ಬಿಳಿಮೀನು 2018ರಿಂದ ಜಾಗತಿಕ ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಮೀನು. ಬೇರೆ ಕೆರೆ, ಹೊಳೆಯಾದರೂ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿಕೊಂಡೇ ದಾರ ಬಿಡಿ.